ಗುದ್ದಲಿಗೆ ಕಾವು ಕೇಳಿದ ಕವಿ

(ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಐರಿಶ್ ಭಾಷೆಯ ಕಾವ್ಯದ ಬಗ್ಗೆ ಮಾತಾಡ್ತೀನಿ ಅಂತ ನೋಟೀಸು ಹಾಕಿದಾಗ ನಿಮ್ಮಲ್ಲೇ ಒಬ್ಬರು ಬಂದು, "ಸಾರ್, ನಮಗೂ ಅದಕ್ಕೂ ಏನು ಸಂಬಂಧ? ನಮ್ಮ ಸ್ಕಾಲರ್‌ಷಿಪ್ ಬಂದಿಲ್ಲ, ಅದರ ಬಗ್ಗೆ ಮಾತಾಡಿ" ಅಂದರು. ಸ್ಕಾಲರ್‌ಷಿಪ್ ವಿಷಯ ಸಭೆ ಮುಗಿದ ಮೇಲೆ ಕೂತು ಮಾತಾಡೋಣ, ಅರ್ಜಿ ಬರೆಯೋಣ. ಈಗ ಸಂಬಂಧ ಏನು ಅನ್ನೋದನ್ನ ಹೇಳಿಬಿಡ್ತೀನಿ.

1949ರ ನವೆಂಬರ್ 25ರಂದು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ತಮ್ಮ ಕೊನೆಯ ದೊಡ್ಡ ಭಾಷಣ ಮಾಡಿದರು. ರಾಜಕೀಯದಲ್ಲಿ ಸಮಾನತೆ ಬರುತ್ತೆ, ಸಮಾಜದಲ್ಲಿ ಅಸಮಾನತೆ ಉಳಿಯುತ್ತೆ ಅಂತ ಎಚ್ಚರಿಸಿದ ಭಾಷಣ ಅದೇ. ನೀವೆಲ್ಲ ಓದಿರ್ತೀರಿ. ಎಷ್ಟೇ ದೊಡ್ಡ ಮನುಷ್ಯನಾಗಲಿ, ಅವನ ಕಾಲ ಬುಡದಲ್ಲಿ ನಿಮ್ಮ ಸ್ವಾತಂತ್ರ್ಯ ತಂದು ಇಡಬೇಡಿ ಅಂತ ಹೇಳುವಾಗ ಅವರು ಒಬ್ಬ ಐರಿಶ್ ನಾಯಕನ ಮಾತನ್ನ ನೆನೆದರು. ಕೃತಜ್ಞತೆಗೂ ಒಂದು ಎಲ್ಲೆ ಇದೆ, ಮಾನ ಕಳೆದುಕೊಂಡು ಯಾರಿಗೂ ಋಣಿಯಾಗಿರೋದು ಆಗಲ್ಲ ಅನ್ನೋ ಅರ್ಥದ ಮಾತು ಅದು. ಆ ನಾಯಕನ ಹೆಸರು ಡೇನಿಯಲ್ ಓಕಾನೆಲ್. ಈ ಓಕಾನೆಲ್ ಯಾರು ಅಂತ ಹುಡುಕ್ತಾ ಹೋದಾಗ ಅವನ ಸೋದರತ್ತೆ ಒಬ್ಬಳು ಸಿಕ್ಕಳು. ಅವಳು ಕಟ್ಟಿದ ಒಂದು ಅಳುವ ಹಾಡು ಸಿಕ್ಕಿತು. ಅಲ್ಲಿಂದ ನಾನು ಈ ಕಾವ್ಯದೊಳಕ್ಕೆ ಹೋದೆ.

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡ್ತೀನಿ. ನನಗೆ ಐರಿಶ್ ಬರಲ್ಲ. ಓದಿದ್ದೆಲ್ಲ ಇಂಗ್ಲಿಷ್ ಅನುವಾದದಲ್ಲಿ. ಹೆಸರುಗಳನ್ನ ನಾನು ಉಚ್ಚರಿಸೋ ರೀತಿಗೆ ಅಲ್ಲಿಯವರು ನಕ್ಕರೂ ನಕ್ಕಾರು.

ಅತ್ತೆಯ ಹೆಸರು ಐಲೀನ್ ಡುವ್. ಅವಳ ಗಂಡ ಆರ್ಟ್ ಓ ಲೀರಿ, ಆಸ್ಟ್ರಿಯಾದ ಸೈನ್ಯದಲ್ಲಿ ಹಂಗೇರಿಯನ್ ಕುದುರೆ ಪಡೆಯ ಕ್ಯಾಪ್ಟನ್ ಆಗಿದ್ದು ಊರಿಗೆ ವಾಪಸ್ ಬಂದವನು. ಐರ್ಲೆಂಡ್ ಆಗ ಇಂಗ್ಲಿಷರ ಕೈಲಿತ್ತು. ಕ್ಯಾಥೊಲಿಕರನ್ನ ಮಟ್ಟ ಹಾಕೋದಕ್ಕೆ ಅಂತಲೇ 1695ರಿಂದ ಒಂದರ ಮೇಲೊಂದು ಕಾನೂನು ಬಂದವು. ಕ್ಯಾಥೊಲಿಕನು ಶಾಲೆ ನಡೆಸಬಾರದು. ಜಮೀನು ಕೊಂಡುಕೊಳ್ಳಬಾರದು, ಗುತ್ತಿಗೆಗೆ ತಗೊಂಡರೂ 31 ವರ್ಷ ಮೀರಬಾರದು. ಆಯುಧ ಇಟ್ಟುಕೊಳ್ಳಬಾರದು. ಐದು ಪೌಂಡಿಗಿಂತ ಹೆಚ್ಚು ಬೆಲೆಯ ಕುದುರೆ ಇಟ್ಟುಕೊಳ್ಳಬಾರದು. ಇಟ್ಟುಕೊಂಡರೆ ಯಾವ ಪ್ರಾಟೆಸ್ಟೆಂಟ್ ಬೇಕಾದರೂ ಐದು ಪೌಂಡು ಎಸೆದು ಆ ಕುದುರೆ ಹಿಡಕೊಂಡು ಹೋಗಬಹುದು.

ಕುದುರೆ ಅಂದ ತಕ್ಷಣ ನಿಮ್ಮ ಮುಖ ಬದಲಾಗಿದ್ದು ಕಾಣ್ತು. ಮದುವೆ ಗಂಡು ಕುದುರೆ ಏರಿದ ಅಂತ ಕಲ್ಲು ತೂರಿದ ದೇಶದವರು ನಾವು. ಕುದುರೆ ಮೇಲೆ ಕೂತವನ ತಲೆ ಸ್ವಲ್ಪ ಮೇಲಿರುತ್ತೆ. ಅದನ್ನ ಸಹಿಸೋದು ಕೆಲವರಿಗೆ ಎಲ್ಲಾ ದೇಶದಲ್ಲೂ ಕಷ್ಟ.

ಅಬ್ರಹಾಂ ಮಾರಿಸ್ ಅಂತ ಒಬ್ಬ ಅಧಿಕಾರಿ. ಅವನಿಗೂ ಆರ್ಟ್‌ಗೂ ವೈರ. ಆರ್ಟ್‌ನ ಕುದುರೆ ರೇಸಿನಲ್ಲಿ ತನ್ನ ಕುದುರೆಯನ್ನ ಸೋಲಿಸಿತು ಅಂತ ಮಾರಿಸ್ ಐದು ಪೌಂಡು ಕೊಟ್ಟು ಆ ಕುದುರೆ ಕೇಳಿದ, ಆರ್ಟ್ ಕೊಡಲ್ಲ ಅಂದ ಅಂತ ಜನ ಹೇಳಿಕೊಂಡು ಬಂದಿದ್ದಾರೆ. ಆರ್ಟ್ ಕಾನೂನಿನ ಕಣ್ಣಿಗೆ ತಲೆಮರೆಸಿಕೊಂಡ ಅಪರಾಧಿ ಆದ. 1773ರ ಮೇ 4ರಂದು ಕಾರ್ಕ್ ಜಿಲ್ಲೆಯಲ್ಲಿ ಸೈನಿಕರು ಗುಂಡಿಟ್ಟು ಕೊಂದರು. ಆಗ ಅವನಿಗೆ 26 ವರ್ಷ. ಮಾರಿಸ್ ಮೇಲೆ ವಿಚಾರಣೆ ಆಯ್ತು, ಬಿಡುಗಡೆಯೂ ಆಯ್ತು. ಇದೂ ನಮಗೆ ಹೊಸದೇನಲ್ಲ.

ಕುದುರೆ ಮಾತ್ರ ಮನೆಗೆ ಬಂತು, ಖಾಲಿ ಜೀನು ಹೊತ್ತುಕೊಂಡು. ಐಲೀನ್ ಅದೇ ಕುದುರೆ ಹತ್ತಿ ಹೆಣದ ಹತ್ತಿರ ಹೋದಳು ಅಂತ ಹಾಡು ಹೇಳುತ್ತೆ. ಅಲ್ಲಿ ಅವಳು ಏನು ಮಾಡಿದಳು, ಆ ರಕ್ತವನ್ನ ಏನು ಮಾಡಿದಳು ಅನ್ನೋದನ್ನ ನೀವೇ ಓದಿ, ನಾನು ಹೇಳಿದರೆ ಕೆಡುತ್ತೆ. ನಮ್ಮ ಹೆಣ್ಣುಮಕ್ಕಳು ಹೆಣದ ಮುಂದೆ ಕೂತು ಹಾಡ್ಯಾಡಿ ಅಳೋದು ಕೇಳಿದ್ದೀರಲ್ಲ? ಸತ್ತವನ ಗುಣ ಹೇಳೋದು, ಬೈಯೋದು, ಅತ್ತೆ ಮನೆಯವರ ಮೇಲೆ ದೂರು ಹೇಳೋದು, ಮತ್ತೆ ಸತ್ತವನನ್ನ ಏಳು ಅನ್ನೋದು. ಅದೇ ಕ್ರಮ ಅಲ್ಲೂ ಇತ್ತು. ಈ ಹಾಡಿನಲ್ಲಿ ಗಂಡನ ತಂಗಿ ನಡುವೆ ಬಾಯಿ ಹಾಕಿ, ನೀನು ಹೆಣ ಬಿಟ್ಟು ಮಲಗಿದ್ದೆ ಅಂತ ಚುಚ್ಚುತ್ತಾಳೆ. ಐಲೀನ್ ತಿರುಗಿ ಉತ್ತರ ಕೊಡ್ತಾಳೆ. ಹೆಣ ನಡುವೆ ಇದೆ, ಜಗಳ ನಡೀತಿದೆ. ಕೃತಕವಾಗಿ ಕಟ್ಟಿದ ಶೋಕಗೀತೆಯಲ್ಲಿ ಇಂಥದ್ದು ಬರೋಕೆ ಸಾಧ್ಯವಿಲ್ಲ. ಚರ್ಚಿನ ಪಾದ್ರಿಗಳು ಮಾತ್ರ ಇಂಥ ಅಳುವಿಕೆಯನ್ನ ಅನಾಗರಿಕ ಅಂತ ನಿಲ್ಲಿಸೋಕೆ ನೋಡಿದರು.

ಇಷ್ಟು ಹೊಗಳಿದ ಮೇಲೆ ಒಂದು ತಕರಾರೂ ಹೇಳಬೇಕು. ಐಲೀನ್ ದೊಡ್ಡ ಮನೆಯ ಹೆಣ್ಣು. ಹಾಡಿನ ತುಂಬ ಗಂಡನ ಬೆಳ್ಳಿ ಹಿಡಿಯ ಕತ್ತಿ, ಒಳ್ಳೆ ಬಟ್ಟೆ, ಮನೆಯ ಸಿರಿ, ತಿಂದುಂಡ ನೆಂಟರು. ಅವಳ ಕೋಪ ನಿಜ, ಅನ್ಯಾಯವೂ ನಿಜ. ಆದರೆ ಕುದುರೆಯೇ ಇಲ್ಲದವನ ಕತೆ ಏನು? ಐದು ಪೌಂಡು ಯಾವತ್ತೂ ಕಣ್ಣಲ್ಲಿ ನೋಡದವನ ಕತೆ? ಅಂಥವರ ಹೆಸರು ಈ ಹಾಡಿನಲ್ಲಿಲ್ಲ. ಆದರೂ ಅವರಲ್ಲೊಬ್ಬಳ ಕೈ ಇದರಲ್ಲಿದೆ. ಐಲೀನ್ ಈ ಹಾಡನ್ನ ಬರೆದಿಡಲಿಲ್ಲ. ಬಾಯಿಂದ ಬಾಯಿಗೆ ಹೋಯ್ತು. ಮಿಲ್‌ಸ್ಟ್ರೀಟ್ ಕಡೆಯ ನೋರಾ ನಿ ಹಿಂಡಿಲ ಅನ್ನುವ, ಕೂಲಿಗೆ ಅಳೋದೇ ಕಸುಬಾಗಿದ್ದ ಒಬ್ಬ ಹೆಂಗಸಿನ ಬಾಯಿಂದ 19ನೇ ಶತಮಾನದಲ್ಲಿ ಅದನ್ನ ಬರೆದುಕೊಂಡರು. ಸಾಹುಕಾರರ ದುಃಖವನ್ನ ಬಡವಳ ನೆನಪು ಉಳಿಸಿತು. ಕವಿಯ ಹೆಸರಿನ ಜೊತೆಗೆ ಇವಳ ಹೆಸರನ್ನೂ ನೀವು ಬರೆದುಕೊಳ್ಳಿ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಇಂಗ್ಲಿಷರು ಬರೋಕೆ ಮುಂಚೆ ಐರ್ಲೆಂಡಿನಲ್ಲಿ ಎಲ್ಲರೂ ಸಮಾನವಾಗಿದ್ದರು ಅಂತ ಹೇಳೋ ದೇಶಭಕ್ತರು ಅಲ್ಲೂ ಇದ್ದರು. ನಮ್ಮಲ್ಲಿ ವೇದಕಾಲ ಅಂತಾರಲ್ಲ, ಹಾಗೆ. ಹಳೆಯ ಐರಿಶ್ ಕಾನೂನು ಗ್ರಂಥಗಳು ಬೇರೆಯೇ ಹೇಳ್ತವೆ. ಅಲ್ಲಿ ಪ್ರತಿ ಮನುಷ್ಯನ ಮಾನಕ್ಕೂ ಒಂದು ಬೆಲೆ ಗೊತ್ತು ಮಾಡಿತ್ತು. ರಾಜನ ಮಾನಕ್ಕೆ ಇಷ್ಟು, ಒಕ್ಕಲಿನ ಮಾನಕ್ಕೆ ಇಷ್ಟು. ಲೆಕ್ಕ ಹಾಕೋ ಅಳತೆಗಳಲ್ಲಿ ಒಂದರ ಹೆಸರು "ಕುಮಲ್". ಕುಮಲ್ ಅಂದರೆ ಆ ಭಾಷೆಯಲ್ಲಿ ಹೆಣ್ಣಾಳು, ದಾಸಿ. ಒಬ್ಬಳು ದಾಸಿ ಅಂದರೆ ಸುಮಾರು ಮೂರು ಹಾಲು ಕರೆಯೋ ಹಸು. ಆಮೇಲೆ ದಾಸಿಯನ್ನ ಕೊಡೋದು ನಿಂತರೂ ಲೆಕ್ಕದಲ್ಲಿ ಅವಳ ಹೆಸರು ಉಳೀತು. ನಾನು ಇದನ್ನ ಓದಿದ ದಿನ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಕವಿಗಳಲ್ಲೂ ಏಳು ದರ್ಜೆ. ಅಪ್ಪ ಕವಿ, ಅಜ್ಜ ಕವಿ ಆಗಿದ್ದರೆ ಮಾತ್ರ ಪೂರಾ ಮರ್ಯಾದೆ. ಎಲ್ಲಕ್ಕಿಂತ ಮೇಲಿನ ಕವಿಗೆ ಒಬ್ಬ ಸಣ್ಣ ರಾಜನ ಸಮಕ್ಕೆ ಮಾನದ ಬೆಲೆ. ಇದು ನಮ್ಮ ಜಾತಿಯೇ ಅಂತ ನಾನು ಹೇಳ್ತಾ ಇಲ್ಲ, ಹಾಗೆ ಸಲೀಸಾಗಿ ಹೋಲಿಸಬಾರದು. ಮುಟ್ಟಿದರೆ ಮೈಲಿಗೆ ಅನ್ನೋದು ಅಲ್ಲಿರಲಿಲ್ಲ. ಮುಂದೆ ಇಂಗ್ಲಿಷರ ಕಾನೂನಿನ ಕಾಲದಲ್ಲೂ, ಮತ ಬದಲಾಯಿಸಿದ ಕ್ಯಾಥೊಲಿಕನಿಗೆ ಜಮೀನು, ಹುದ್ದೆ ಎಲ್ಲಾ ಸಿಗ್ತಿತ್ತು. ನಮ್ಮಲ್ಲಿ ಮತ ಬಿಟ್ಟರೂ ಜಾತಿ ಬೆನ್ನಿಗೆ ಬರುತ್ತೆ. ಈ ವ್ಯತ್ಯಾಸ ಮರೀಬೇಡಿ.

ಈ ಕವಿಗಳ ವೈಭವ 17ನೇ ಶತಮಾನದಲ್ಲಿ ಮುರಿದುಬಿತ್ತು. 1601ರಲ್ಲಿ ಕಿನ್‌ಸೇಲ್ ಯುದ್ಧ ಸೋತರು. 1607ರಲ್ಲಿ ಉತ್ತರದ ದೊರೆಗಳು ದೇಶ ಬಿಟ್ಟು ಹೋದರು. ದೊರೆ ಹೋದ ಮೇಲೆ ಆಸ್ಥಾನ ಕವಿಗೆ ಅನ್ನ ಎಲ್ಲಿ? ಆಗಿನ ಒಬ್ಬ ಕವಿ ಡಾವೀ ಓ ಬ್ರೂಡರ್. 1698ರಲ್ಲಿ ತೀರಿಕೊಂಡ. ಮಹಾ ವಿದ್ವಾಂಸ, ಕೊನೆಗೆ ಬಡತನ. ಅವನ ಪದ್ಯಗಳಲ್ಲಿ ಪರಕೀಯರ ದಬ್ಬಾಳಿಕೆ ಮೇಲೆ ಬೆಂಕಿ ಇದೆ. ಆದರೆ ಅದೇ ಬೆಂಕಿ ಕೆಳಗಿನವರ ಮೇಲೂ ಉರಿಯುತ್ತೆ. ಕಾಲ ಕೆಟ್ಟಿದೆ, ಹೆಡ್ಡ ಒಕ್ಕಲಿಗನಾಗಿ ಹುಟ್ಟಿದ್ದರೇ ಚೆನ್ನಾಗಿರ್ತಿತ್ತು ಅಂತ ವ್ಯಂಗ್ಯ ಮಾಡ್ತಾನೆ. ಒಂದು ಮನೆಯ ಆಳು ಹೆಂಗಸು ಕುಡಿಯೋಕೆ ಕೊಡಲಿಲ್ಲ ಅಂತ ಅವಳ ಮೂಗು, ಮೈ, ಹುಟ್ಟು ಎಲ್ಲಾ ಹಿಡಿದು ಶಾಪ ಹಾಕಿ ಒಂದು ಪದ್ಯ ಬರೆದಿದ್ದಾನೆ. ಪಂಡಿತರು ಅದನ್ನ ಬೈಗುಳದ ಸೊಗಸು ಅಂತ ಸಂಕಲನಗಳಲ್ಲಿ ಸೇರಿಸ್ತಾರೆ. ಸೊಗಸು ಇರಬಹುದು. ಆ ಹೆಂಗಸಿನ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಧಣಿಯ ಪೀಪಾಯಿಯಿಂದ ಬೀರು ತೆಗೆದುಕೊಟ್ಟಿದ್ದರೆ ಅವಳ ಕೂಲಿ ಏನಾಗ್ತಿತ್ತು ಅಂತ ಕವಿ ಯೋಚಿಸಲಿಲ್ಲ.

ಇದಕ್ಕಿಂತ ಘೋರ ಒಂದಿದೆ, ಅದು ಗದ್ಯ. "ತೋಮಾಸನ ಕುಲದ ಪಾರ್ಲಿಮೆಂಟು" ಅಂತ ಅದೇ ಶತಮಾನದ ವಿಡಂಬನೆ. ದುಡಿಯೋ ಜನ ಎಲ್ಲಾ ತೋಮಾಸ್ ಅನ್ನೋ ಒಬ್ಬ ಕೀಳು ಮೂಲಪುರುಷನ ಸಂತಾನವಂತೆ. ಇವರು ನೆಲ ಅಗೆಯಬೇಕು, ಮೇಲಿನವರ ಸೇವೆ ಮಾಡಬೇಕು, ದನದ ತಲೆ, ಕಾಲು, ಕರುಳು ತಿನ್ನಬೇಕು ಅಂತ ಸಂತ ಪ್ಯಾಟ್ರಿಕನೇ ವಿಧಿಸಿದನಂತೆ. ಈಗ ಇವರು ಒಳ್ಳೆ ಬಟ್ಟೆ ಹಾಕ್ತಾರೆ, ಮಕ್ಕಳನ್ನ ಓದಿಸ್ತಾರೆ, ದೊಡ್ಡ ಕುಲದಲ್ಲಿ ಹೆಣ್ಣು ಕೇಳ್ತಾರೆ, ಸಭೆ ಸೇರಿ ಠರಾವು ಮಾಡ್ತಾರೆ ಅಂತ ನಗೆಯಾಡೋದೇ ಆ ಪುಸ್ತಕದ ಕೆಲಸ. ಯಾವುದೋ ಸ್ಮೃತಿ ಓದಿದ ಹಾಗೆ ಆಗಲ್ಲವಾ? ತಿನ್ನೋ ತುಂಡನ್ನೂ ದೇವರ ಹೆಸರಿನಲ್ಲಿ ಹಂಚಿಬಿಟ್ಟಿದ್ದಾರೆ. ಪರಕೀಯರ ತುಳಿತಕ್ಕೆ ಸಿಕ್ಕಿ ಒದ್ದಾಡ್ತಿದ್ದ ಜನ ಬರೆದಿದ್ದು ಇದು, ಅನ್ನೋದು ನೆನಪಿರಲಿ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದಾಗ ಹಾಸ್ಟೆಲ್ ಹುಡುಗರಿಗೆ ಏಟು ಬಿತ್ತು. ಬೂಸಾ ಎಲ್ಲಾ ಭಾಷೆಯ ಕಣಜದಲ್ಲೂ ಇದೆ. ತೂರಿ ಕಾಳು ಹುಡುಕೋದು ನಮ್ಮ ಕೆಲಸ.

ಕಾಳು ಸಿಕ್ಕಿದ್ದು ಕೆರಿ ಜಿಲ್ಲೆಯ ಶ್ಲೀವ್ ಲೂಕ್ರ ಅನ್ನೋ ಬಡ ಪ್ರದೇಶದಲ್ಲಿ. ಓವನ್ ರೂಅ ಓ ಸುಲಿವಾನ್, ಹುಟ್ಟಿದ್ದು 1748. ಓವನ್ ರೂಅ ಅಂದರೆ ಕೆಂಚು ಕೂದಲಿನ ಓವನ್. ಕಲಿತದ್ದು ಬೇಲಿ ಶಾಲೆಯಲ್ಲಿ. ಕ್ಯಾಥೊಲಿಕರು ಶಾಲೆ ನಡೆಸಬಾರದು ಅಂತ ಕಾನೂನಿದ್ದಾಗ ಮೇಷ್ಟ್ರು ಬೇಲಿ ಮರೆಯಲ್ಲಿ, ಕೊಟ್ಟಿಗೆಯಲ್ಲಿ ಮಕ್ಕಳನ್ನ ಕೂರಿಸಿಕೊಂಡು ಪಾಠ ಹೇಳ್ತಿದ್ದರು. ಅಲ್ಲೇ ಲ್ಯಾಟಿನ್, ಗ್ರೀಕ್ ಕತೆ ಎಲ್ಲಾ ಕಲಿತ. ತಾನೂ ಹದಿನೆಂಟರ ವಯಸ್ಸಿಗೆ ಒಂದು ಶಾಲೆ ತೆಗೆದ, ಉಳೀಲಿಲ್ಲ. ಆಮೇಲೆ ಗುದ್ದಲಿ ಹಿಡಿದ.

ಅಲ್ಲಿ "ಸ್ಪಾಲ್ಪೀನ್" ಅಂತ ಒಂದು ವರ್ಗ ಇತ್ತು. ಸ್ವಂತ ನೆಲ ಇಲ್ಲದೆ ಸುಗ್ಗಿ ಬಂದಾಗ ಗುದ್ದಲಿ ಹೆಗಲಿಗೇರಿಸಿ ಜಿಲ್ಲೆಯಿಂದ ಜಿಲ್ಲೆಗೆ ನಡೆದು ಹೋಗೋ ಕೂಲಿ. ಕೆರಿಯಿಂದ ಲಿಮರಿಕ್, ಟಿಪ್ಪರೆರಿ ಕಡೆಗೆ ಆಲೂಗೆಡ್ಡೆ ಅಗೆಯೋಕೆ ಹೋಗ್ತಿದ್ದರು. ಊರಿನ ಸಂತೆಬೀದಿಯಲ್ಲಿ ಗೋಡೆಗೊರಗಿ ಸಾಲಾಗಿ ನಿಲ್ಲೋದು. ರೈತ ಕುದುರೆ ಮೇಲೆ ಬಂದು ತೋಳು ನೋಡಿ, ಮೈಕಟ್ಟು ನೋಡಿ ಕೂಲಿ ಗೊತ್ತು ಮಾಡೋದು. ಆ ಹೆಸರಿನದೇ ಒಂದು ಹಾಡು ಇವತ್ತಿಗೂ ಅಲ್ಲಿ ಹಾಡ್ತಾರೆ, "ಅಲೆಮಾರಿ ಸ್ಪಾಲ್ಪೀನ್" ಅಂತ. ಇನ್ನು ಮೇಲೆ ಆ ಗೋಡೆ ಹತ್ತಿರ ನಿಲ್ಲಲ್ಲ ಅಂತ ಕೂಲಿಯವನೇ ಹೇಳೋ ಹಾಡು. ಬರೆದವರು ಯಾರು ಅಂತ ಗೊತ್ತಿಲ್ಲ. ಹತ್ತಾರು ಸಾವಿರ ಜನ ನಿಂತಿದ್ದ ಗೋಡೆ ಅದು, ಯಾರು ಬೇಕಾದರೂ ಬರೆದಿರಬಹುದು.

ಓವನ್ ರೂಅ ಒಂದು ಪದ್ಯ ಬರೆದ. ತನ್ನೂರ ಕಮ್ಮಾರನಿಗೆ. ಗೆಳೆಯ, ನನ್ನ ಗುದ್ದಲಿಗೆ ಒಂದು ಒಳ್ಳೆ ಕಾವು ಹಾಕಿಕೊಡು, ಕೂಲಿಗೆ ಹೋಗಬೇಕು ಅನ್ನೋದೇ ಅದರ ವಿಷಯ. ಕೆಲಸದಲ್ಲಿ ದಣಿದು ನಿಧಾನ ಮಾಡಿದಾಗ ಮೇಸ್ತ್ರಿ ಬಂದು ಗದರಿದರೆ ಗ್ರೀಕರ ಯುದ್ಧದ ಕತೆ ಹೇಳಿ ಅವನ ಬಾಯಿ ಮುಚ್ಚಿಸ್ತೀನಿ ಅನ್ನೋ ತಮಾಷೆಯೂ ಅದರಲ್ಲಿದೆ. ಬಂದ ಕೂಲಿಯನ್ನ ಜೋಪಾನವಾಗಿ ಕಟ್ಟಿ ತರ್ತೀನಿ ಅಂತಾನೆ. ತಂದು ಏನು ಮಾಡ್ತಾರೆ ಅನ್ನೋದು ಕಮ್ಮಾರನಿಗೂ ಗೊತ್ತು, ಕವಿಗೂ ಗೊತ್ತು.

ನಾನು ಓದ್ತಿದ್ದಾಗ ಕಾಲೇಜಿನ ಮೇಷ್ಟ್ರೊಬ್ಬರಿಗೆ ಒಂದು ಪದ್ಯ ತೋರಿಸಿದ್ದೆ. ಹೆಸರು ಬೇಡ. ಹಾಸ್ಟೆಲಿನ ಊಟದ ಬಗ್ಗೆ ಬರೆದಿದ್ದೆ. ಅವರು ಕನ್ನಡಕ ಏರಿಸಿ ಓದಿ, "ಇದು ಅರ್ಜಿ ಕಣಯ್ಯ, ಕವಿತೆ ಅಲ್ಲ" ಅಂದರು. ಕ್ಲಾಸೆಲ್ಲ ನಕ್ಕಿತು. ಎಷ್ಟೋ ವರ್ಷ ಪದ್ಯ ಬರೆಯೋಕೆ ಕೈ ಏಳಲಿಲ್ಲ. ಓವನ್ ರೂಅನ ಪದ್ಯ ಓದಿದಾಗ ಅದು ನೆನಪಾಯ್ತು. ಇದೂ ಅರ್ಜಿಯೇ. ಕಮ್ಮಾರನಿಗೆ ಬರೆದ ಅರ್ಜಿ. ಇನ್ನೂರು ಚಿಲ್ಲರೆ ವರ್ಷದಿಂದ ಜನ ಬಾಯಿಪಾಠ ಹೇಳ್ತಾರೆ.

ಅವನ ಉಳಿದ ಬದುಕು ಕೇಳಿ. ಹೇಗೋ ಇಂಗ್ಲಿಷರ ನೌಕಾಪಡೆ ಸೇರಿದ. 1782ರ ಏಪ್ರಿಲಿನಲ್ಲಿ ವೆಸ್ಟ್ ಇಂಡೀಸ್ ಸಮುದ್ರದಲ್ಲಿ ಫ್ರೆಂಚರ ಮೇಲೆ ನಡೆದ ದೊಡ್ಡ ಕದನದಲ್ಲಿದ್ದ. ತನ್ನ ದೇಶ ತುಳಿದವರ ಹಡಗಿನಲ್ಲಿ. ಸೇನಾಪತಿ ರಾಡ್ನಿಯನ್ನ ಹೊಗಳಿ ಇಂಗ್ಲಿಷಿನಲ್ಲಿ ಒಂದು ಪದ್ಯ ಬರೆದು ಒಪ್ಪಿಸಿ, ನನ್ನನ್ನ ಮನೆಗೆ ಕಳಿಸಿ ಅಂತ ಕೇಳಿದ. ಹೊಗಳಿಕೆ ತಗೊಂಡರು, ಬಿಡುಗಡೆ ಕೊಡಲಿಲ್ಲ. ಕೊನೆಗೂ ಊರಿಗೆ ಬಂದು 1784ರಲ್ಲಿ ಮತ್ತೆ ಒಂದು ಶಾಲೆ ತೆಗೆದ. ಅದೇ ವರ್ಷ ಒಬ್ಬ ಕರ್ನಲ್‌ನ ಆಳುಗಳು ಕಿಲಾರ್ನಿಯ ಹೆಂಡದಂಗಡಿಯಲ್ಲಿ ಅವನ ತಲೆಗೆ ಹೊಡೆದರು, ಅದರ ಜ್ವರದಲ್ಲೇ ಸತ್ತ ಅಂತ ಹೇಳಿಕೆ. ಆ ಕರ್ನಲ್‌ನನ್ನ ಲೇವಡಿ ಮಾಡಿ ಪದ್ಯ ಕಟ್ಟಿದ್ದನಂತೆ. ಹೊಡೆದವರೂ ಆಳುಗಳೇ. ಧಣಿಯ ಕೈಗೆ ರಕ್ತ ಹತ್ತೋದು ಕಡಿಮೆ.

ಬ್ರಿಯನ್ ಮೆರಿಮನ್ ಬಗ್ಗೆ ಸ್ವಲ್ಪದರಲ್ಲೇ ಹೇಳ್ತೀನಿ, ಇಲ್ಲಾಂದ್ರೆ ರಾತ್ರಿ ಆಗುತ್ತೆ. ಕ್ಲೇರ್ ಜಿಲ್ಲೆಯಲ್ಲಿ ಮೇಷ್ಟ್ರಾಗಿದ್ದವನು. 1780ರ ಸುಮಾರಿಗೆ "ನಡುರಾತ್ರಿಯ ನ್ಯಾಯಾಲಯ" ಅಂತ ಸಾವಿರಕ್ಕೂ ಹೆಚ್ಚು ಸಾಲಿನ ಪದ್ಯ ಬರೆದ. ಅದರಲ್ಲಿ ನ್ಯಾಯಪೀಠದಲ್ಲಿ ಹೆಂಗಸರೇ ಕೂರ್ತಾರೆ. ಮೊಕದ್ದಮೆ ಗಂಡಸರ ಮೇಲೆ. ಹೆಣ್ಣಿಗೂ ದೇಹ ಇದೆ, ಆಸೆ ಇದೆ, ಅವಳನ್ನ ಮುದುಕರಿಗೆ ಕಟ್ಟಿ ಕೊಲ್ಲಬೇಡಿ ಅಂತ ವಾದ ನಡೆಯುತ್ತೆ. ಮದುವೆ ಇಲ್ಲದೆ ಹುಟ್ಟಿದ ಮಗುವನ್ನ ಹೊಗಳೋ ಭಾಗ ಒಂದಿದೆ. ಆ ಮಗುವಿನ ಮೈಯಲ್ಲಿ ಯಾವ ಕೊರತೆ ಇದೆ ತೋರಿಸಿ ಅನ್ನೋ ಹಾಗೆ ಕವಿ ಅದನ್ನ ಎತ್ತಿ ಹಿಡೀತಾನೆ. ಹುಟ್ಟಿನಿಂದ ಕಳಂಕ ಹಚ್ಚೋದನ್ನ ಇಷ್ಟು ನಗ್ತಾ ನಗ್ತಾ ಒಡೆದದ್ದು ನಾನು ಬೇರೆ ಕಡೆ ಓದಿಲ್ಲ. ಇದರ ಒಂದು ಇಂಗ್ಲಿಷ್ ಅನುವಾದವನ್ನ ಸ್ವತಂತ್ರ ಐರ್ಲೆಂಡಿನ ಸರ್ಕಾರ 1946ರಲ್ಲಿ ನಿಷೇಧಿಸಿತು. ಮೂಲ ಐರಿಶ್ ಪುಸ್ತಕಕ್ಕೆ ನಿಷೇಧ ಇರಲಿಲ್ಲ! ಯಾರೂ ಓದಲ್ಲ ಅನ್ನೋ ಧೈರ್ಯ ಇರಬೇಕು.

ಯಾಕೆ ಓದೋರು ಇರಲಿಲ್ಲ? ಅದಕ್ಕೆ ಕ್ಷಾಮದ ಕತೆ ಹೇಳಬೇಕು. ಬಡವರಿಗೆ ಆಲೂಗೆಡ್ಡೆ ಒಂದೇ ಅನ್ನ. 1845ರಲ್ಲಿ ಅದಕ್ಕೆ ರೋಗ ಬಂತು, ಗೆಡ್ಡೆ ನೆಲದಲ್ಲೇ ಕಪ್ಪಾಗಿ ಕೊಳೀತು. ಮುಂದಿನ ಆರೇಳು ವರ್ಷದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಹತ್ತು ಲಕ್ಷ ಜನ ಹಡಗು ಹತ್ತಿದರು. 1841ರ ಜನಗಣತಿಯಲ್ಲಿ 81 ಲಕ್ಷಕ್ಕೂ ಮೇಲಿದ್ದವರು 1851ಕ್ಕೆ 65 ಲಕ್ಷಕ್ಕೆ ಇಳಿದರು. ಅದೇ ವರ್ಷಗಳಲ್ಲಿ ಐರ್ಲೆಂಡಿನಿಂದ ಇಂಗ್ಲೆಂಡಿಗೆ ದವಸ, ದನ ರಫ್ತಾಗ್ತಾ ಇತ್ತು. ಬಾಡಿಗೆ ಕಟ್ಟದವರ ಗುಡಿಸಲನ್ನ ಜಮೀನ್ದಾರರು ಕೆಡವಿಸ್ತಿದ್ದರು. ಸತ್ತವರಲ್ಲಿ, ಹೋದವರಲ್ಲಿ ಐರಿಶ್ ಮಾತಾಡೋ ಬಡವರೇ ಜಾಸ್ತಿ. ಹಾಗಾಗಿ ಭಾಷೆಗೂ ಅದೇ ಗುಂಡಿ.

ವಾಟರ್‌ಫರ್ಡ್ ಜಿಲ್ಲೆಯ ಮಾಯ್ರೆ ನಿ ಡ್ರೋಮ ಅನ್ನೋ ಹೆಂಗಸು "ಕಪ್ಪು ಆಲೂಗೆಡ್ಡೆಯ ಹಾಡು" ಕಟ್ಟಿದಳು ಅಂತಾರೆ. ಪ್ರಾರ್ಥನೆಯ ಹಾಗೆ ಶುರುವಾಗುತ್ತೆ. ಸ್ವಾಮಿ, ಕಾಪಾಡು ಅಂತ. ಬರ್ತಾ ಬರ್ತಾ ಒಂದು ಕಡೆ ತಿರುಗಿ ನಿಲ್ಲುತ್ತೆ. ಬಡವರನ್ನ ಹಸಿವಿಗೆ ನೂಕಿದ್ದು, ಬೀದಿಗೆ ಹಾಕಿದ್ದು ದೇವರ ಕೆಲಸ ಅಲ್ಲವೇ ಅಲ್ಲ ಅಂದುಬಿಡ್ತಾಳೆ. ಆ ದಿನಗಳಲ್ಲಿ ಇದು ದೇವರ ಶಿಕ್ಷೆ ಅಂತ ಹೇಳೋ ದೊಡ್ಡವರು ಇದ್ದರು. ಲಂಡನ್ನಿನಿಂದ ಪರಿಹಾರ ಕೆಲಸ ನೋಡಿಕೊಳ್ತಿದ್ದ ಟ್ರೆವೆಲಿಯನ್ ಅನ್ನೋ ಅಧಿಕಾರಿಯೂ ಇದರಲ್ಲಿ ದೈವದ ಕೈ ಕಂಡವನು. ಆಮೇಲೆ ಅವನು ಮದ್ರಾಸಿನ ಗವರ್ನರ್ ಆಗಿ ನಮ್ಮ ಕಡೆಗೂ ಬಂದ, 1859ರಲ್ಲಿ. ಹಳ್ಳಿಯ ಹೆಂಗಸೊಬ್ಬಳು ಅಂಥವರಿಗೆಲ್ಲ ಉತ್ತರ ಹೇಳಿದಳು. ಹಣೆಬರಹ, ಪೂರ್ವಜನ್ಮದ ಕರ್ಮ ಅಂತ ನಮಗೂ ಹೇಳಿದ್ದರಲ್ಲ, ಹಾಗಾಗಿ ಈ ಹಾಡನ್ನ ನಾನು ಬೇಗ ಓದಿ ಮುಗಿಸೋಕೆ ಆಗಲಿಲ್ಲ.

ಕ್ಷಾಮ ಉಳಿಸಿದ್ದನ್ನ ಶಾಲೆ ನೋಡಿಕೊಂಡಿತು. 1831ರಿಂದ ಸರ್ಕಾರಿ ಶಾಲೆಗಳು ಬಂದಿದ್ದವು, ಇಂಗ್ಲಿಷಿನಲ್ಲಿ. ಮಕ್ಕಳ ಕೊರಳಿಗೆ ದಾರದಲ್ಲಿ ಒಂದು ಕೋಲು ಕಟ್ಟೋ ಪದ್ಧತಿ ಇತ್ತು. ಐರಿಶ್ ಮಾತಾಡಿದಾಗೆಲ್ಲ ಕೋಲಿಗೆ ಒಂದು ಗೀರು. ಸಂಜೆ ಗೀರು ಎಣಿಸಿ ಅಷ್ಟು ಏಟು. ಎಷ್ಟೋ ಕಡೆ ಅಪ್ಪ ಅಮ್ಮನೇ ಮನೆಯಲ್ಲಿ ಗೀರು ಹಾಕಿ ಕಳಿಸ್ತಿದ್ದರು. ಮಗು ಇಂಗ್ಲಿಷ್ ಕಲೀಲಿ, ಅಮೆರಿಕಕ್ಕೆ ಹೋಗಲಿ, ಬದುಕಲಿ ಅಂತ. ಅವರನ್ನ ಬೈಯೋಕೆ ನನಗೆ ಬಾಯಿ ಬರಲ್ಲ. ನಮ್ಮ ತಾಯಂದಿರೂ ಮಕ್ಕಳಿಗೆ ಇಂಗ್ಲಿಷ್ ಬೇಕು ಅಂತಾರೆ, ಸರಿಯಾಗೇ ಹೇಳ್ತಾರೆ. ಅಲ್ಲಿ ಇಂಗ್ಲಿಷ್ ನಾಲಿಗೆ ಕಿತ್ತ ಭಾಷೆ. ಇಲ್ಲಿ ನಮ್ಮ ಕೈಗೆ ಅಕ್ಷರ ಬರದ ಹಾಗೆ ನೋಡಿಕೊಂಡವರು ಬೇರೆ ಜನ, ಬಾಗಿಲು ಅಷ್ಟೋ ಇಷ್ಟೋ ತೆರೆದದ್ದು ಇಂಗ್ಲಿಷು. ಒಂದೇ ಭಾಷೆಗೆ ಎರಡು ದೇಶದಲ್ಲಿ ಎರಡು ಮುಖ. ಬಾಬಾಸಾಹೇಬರು ನೆನೆದ ಓಕಾನೆಲ್ ಕೂಡ ಐರಿಶ್ ಮಾತಾಡ್ತಾ ಬೆಳೆದವನು. ಆದರೂ ಆ ಭಾಷೆ ಹೋದರೆ ನನಗೆ ವ್ಯಥೆ ಇಲ್ಲ, ಇಂಗ್ಲಿಷಿನ ಉಪಯೋಗ ದೊಡ್ಡದು ಅಂದಿದ್ದ. ಸ್ವತಃ ಜಮೀನ್ದಾರ, ಆದರೆ ಅಮೆರಿಕದ ಗುಲಾಮಗಿರಿ ವಿರುದ್ಧ ಗಟ್ಟಿಯಾಗಿ ಮಾತಾಡಿದವನು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ 1845ರಲ್ಲಿ ಡಬ್ಲಿನ್ನಿನಲ್ಲಿ ಅವನ ಭಾಷಣ ಕೇಳಿ ಮೆಚ್ಚಿದ. ಮನುಷ್ಯರು ಹೀಗೇ, ಪೂರ್ತಿ ನಮ್ಮವರೂ ಆಗಲ್ಲ, ಪೂರ್ತಿ ಬೇರೆಯವರೂ ಆಗಲ್ಲ.

ಇಪ್ಪತ್ತನೇ ಶತಮಾನದ್ದು ಎರಡೇ ಮಾತು. 1970ರಲ್ಲಿ ಕಾರ್ಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಮೈಕೆಲ್ ಡೇವಿಟ್ ಮತ್ತು ಗೆಳೆಯರು, "ಇನ್ಟಿ" ಅಂತ ಐರಿಶ್ ಕವಿತೆಯ ಪತ್ರಿಕೆ ತೆಗೆದರು. ನಿಮ್ಮ ವಯಸ್ಸಿನವರೇ. ಅದರ ಸುತ್ತ ಬೆಳೆದವರಲ್ಲಿ ನೂಲಾ ನಿ ಗೋನಲ್ ಅನ್ನೋ ಕವಿಯೂ ಒಬ್ಬಳು. ಆ ಭಾಷೆಯಲ್ಲಿ ಹೆಂಗಸರು ಮತ್ತೆ ಎದ್ದು ಮಾತಾಡಿದ್ದನ್ನ ಓದಬೇಕಾದರೆ ಅವಳಿಂದ ಶುರು ಮಾಡಿ.

ಎರಡನೆಯದು ಅಷ್ಟು ಹಿತವಲ್ಲ. ಐರ್ಲೆಂಡಿನಲ್ಲಿ ಟ್ರಾವೆಲರ್ ಅಂತ ಒಂದು ಜನಾಂಗ ಇದೆ. ತಲೆತಲಾಂತರದಿಂದ ಗಾಡಿ ಕಟ್ಟಿಕೊಂಡು, ತವರದ ಪಾತ್ರೆ ರಿಪೇರಿ ಮಾಡ್ತಾ, ಕುದುರೆ ಮಾರ್ತಾ ತಿರುಗಿದವರು. ಊರ ಹೊರಗೆ ಬಿಡಾರ. ಹೋಟೆಲುಗಳಲ್ಲಿ ಇವರಿಗೆ ಒಳಗೆ ಬರಬೇಡಿ ಅನ್ನೋರು ಇದ್ದಾರೆ. 1963ರಲ್ಲಿ ಸರ್ಕಾರದ ಆಯೋಗ ಇವರನ್ನ ಒಂದು ಸಮಸ್ಯೆ ಅಂತಲೇ ನೋಡಿ ವರದಿ ಕೊಟ್ಟಿತು. ಇವರೂ ಒಂದು ಪ್ರತ್ಯೇಕ ಜನಾಂಗ ಅಂತ ಐರಿಶ್ ಸರ್ಕಾರ ಒಪ್ಪಿದ್ದು 2017ರ ಮಾರ್ಚ್ 1ರಂದು. ನಾನು ಇಷ್ಟು ಹೊತ್ತು ಹೆಸರು ಹೇಳಿದ ಕವಿಗಳಲ್ಲಿ ಒಬ್ಬರೂ ಈ ಜನ ಅಲ್ಲ. ಕುದುರೆಗೆ ಐದು ಪೌಂಡು ಅಂತ ಅವಮಾನ ಉಂಡ ದೇಶದಲ್ಲಿ, ಕುದುರೆ ಸಾಕೋದೇ ಬದುಕಾದ ಜನ ಊರ ಹೊರಗಿದ್ದರು. ಮುಂದಿನ ಸಲ ಬಂದಾಗ ಅವರ ಹಾಡುಗಾರರ ಬಗ್ಗೆ ಮಾತಾಡ್ತೀನಿ, ಅಷ್ಟರಲ್ಲಿ ಓದಿಕೊಂಡು ಬರ್ತೀನಿ.

ಓವನ್ ರೂಅನ ಪದ್ಯವನ್ನ ಇಂಗ್ಲಿಷಿನಿಂದ ನಮ್ಮ ಮಾತಿಗೆ ಮಾಡಿಕೊಂಡು ಬಂದಿದ್ದೀನಿ, ಕರಡು ಇದೆ. ಕಪ್ಪು ಆಲೂಗೆಡ್ಡೆಯದೂ ಅರ್ಧ ಆಗಿದೆ. ಊಟದ ಗಂಟೆ ಹೊಡೀತಾ ಇದೆ, ಹೋಗಿ ಉಂಡು ಬನ್ನಿ. ಆಮೇಲೆ ಮೊದಲು ಸ್ಕಾಲರ್‌ಷಿಪ್ಪಿನ ಅರ್ಜಿ ಬರೆಯೋಣ, ಕರೆಂಟ್ ಇದ್ದರೆ ಪದ್ಯ ಓದೋಣ.